ಅತ್ತೆಯ ತೂಗುಮಣೆ ನೀರಿಗಿಳಿದದ್ದು

ಹೊಸಪೇಟೆಯ ನೌಕಾಪಡೆಗೆ ನಮ್ಮ ಸೋದರಮಾವನವರೇ ದಂಡನಾಯಕರು! ಹಾಗೆಂದು ಚುಡಾಯಿಸಿದರೆ ಅವರಿಗೆ ಸಿಟ್ಟೂ ಬರುವುದಿಲ್ಲ. “ಇರೋದು ಒಂದ ದೋಣಿ. ಪಡಿ ಗಿಡಿ ಅನಬ್ಯಾಡ್ರಿ” ಎಂದು ತಿದ್ದುತ್ತಾರೆ.

ಆ ಹಳೆಯ ಹಾಯಿದೋಣಿ ಕಾರವಾರದಿಂದ, ಅದಿರು ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಬಂದದ್ದು. ಹಾಯಿ ಇತ್ತು, ಕಂಬ ಇತ್ತು, ನಡುಹಲಗೆ ಮಾತ್ರ ಇರಲಿಲ್ಲ. ದೋಣಿಯ ಹೊಟ್ಟೆಯಲ್ಲಿರುವ ಸೀಳಿನಿಂದ ನೀರಿಗಿಳಿಯುವ ಹಲಗೆ ಅದು. ಅದಿಲ್ಲದಿದ್ದರೆ ದೋಣಿ ಅಡ್ಡಡ್ಡ ಜಾರುತ್ತದೆ. ಡ್ಯಾಮಿನ ಹಿನ್ನೀರಿನಲ್ಲಿ ಎದುರು ದಂಡೆಗೆಂದು ಹೊರಟ ಮಾವ, ಹೊರಟ ದಂಡೆಯದೇ ಜಾಲಿಮುಳ್ಳಿನಲ್ಲಿ ಸಿಕ್ಕಿಕೊಂಡರು.

ಸಂಡೂರಿನ ಗಣಿ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರಿಗೆ ಕಬ್ಬಿಣ ಬಿಟ್ಟು ಬೇರೆಯದರ ಮೇಲೆ ನಂಬಿಕೆ ಬಂದೀತೆ? ದಪ್ಪ ಪ್ಲೇಟು ಕತ್ತರಿಸಿ ಕೂರಿಸಿದರು. ಅದು ಸರ್ರನೆ ಇಳಿದು, ಬೋಲ್ಟನ್ನೂ ಕಿತ್ತುಕೊಂಡು ತುಂಗಭದ್ರೆಯ ಪಾಲಾಯಿತು. ಆಮೇಲೆ ಪ್ಲೈವುಡ್. ಅದು ನೀರು ಕುಡಿದು ಉಬ್ಬಿ, ಮೇಲೂ ಬಾರದೆ ಕೆಳಗೂ ಇಳಿಯದೆ, ಊಟವಾದ ಬೀಗರ ಹಾಗೆ ಕೂತುಬಿಟ್ಟಿತು!

ಇಷ್ಟೆಲ್ಲ ಯಾತಕ್ಕೆ? ಅತ್ತೆಗಾಗಿ. ಮದುವೆಯಾದ ಹೊಸತರಲ್ಲಿ ಬುಕ್ಕಸಾಗರದ ಹತ್ತಿರ ಹರಿಗೋಲಿನಲ್ಲಿ ಹೊಳೆ ದಾಟುವಾಗ, ಹೆಂಡತಿಯನ್ನು ನಗಿಸಲೆಂದು ಮಾವ ಅಂಬಿಗನಿಗೆ “ಗರಗರ ತಿರುಗಿಸಪಾ” ಅಂದಿದ್ದರಂತೆ. ಅತ್ತೆ ಹೊಸ ರೇಷ್ಮೆ ಸೀರೆಯ ಮೇಲೆಲ್ಲ ವಾಂತಿ ಮಾಡಿಕೊಂಡರು. ನೆಂಟರೆಲ್ಲ ನಕ್ಕರು. ಅಂದಿನಿಂದ ಅತ್ತೆ ಡ್ಯಾಮಿಗೆ ಹೋದರೂ ನೀರಿಗೆ ಬೆನ್ನು ಹಾಕಿ ಮಂಡಕ್ಕಿ ತಿನ್ನುವವರು. ತಿರುಗದ, ಜಾರದ ದೋಣಿಯಲ್ಲಿ ಅವರನ್ನೊಮ್ಮೆ ಕೂರಿಸಬೇಕೆಂಬುದು ಮಾವನ ಹಟ.

ಕಂಪ್ಲಿಯ ತವರಿನಿಂದ ಮರಳಿದ ಅತ್ತೆಗೆ ಪಡಸಾಲೆಯಲ್ಲಿ ಕಂಡದ್ದು ಬರೀ ಸರಪಳಿ. ಸಾಗುವಾನಿಯ ತೂಗುಮಣೆ ಮಾಯ!

“ನನ್ನ ಮಣಿ ಎಲ್ಲೈತ್ರಿ?”

“ದೋಣ್ಯಾಗೈತಿ. ಅಂಚು ಹೆರದು ವಾರ್ನಿಶ್ ಹೊಡ್ದೀನಿ. ಮಸ್ತ್ ಕುಂತೈತಿ.”

“ನಾ ಎಲ್ಲಿ ಕುಂದ್ರಲಿ?”

“ಅಲ್ಲೇ ಬಂದು ಕುಂದ್ರು.”

ಮರುದಿನ ಬೆಳಿಗ್ಗೆ ಅತ್ತೆ ಮಣೆ ಬಿಡಿಸಿಕೊಂಡು ಬರಲೆಂದೇ ನನ್ನನ್ನೂ ಎಳೆದುಕೊಂಡು ಹಿನ್ನೀರಿಗೆ ಹೋದರು. ಮಾವ ಆಗಲೇ ಅಲ್ಲಿ ಹಾಯಿ ಕಟ್ಟುತ್ತಿದ್ದರು. ಅತ್ತೆ ದೋಣಿಯ ಸೀಳಿನೊಳಗೆ ಬಗ್ಗಿ ನೋಡಿದರು.

“ಗಟ್ಟಿ ಐತೇನು?”

“ದಿನಾ ಅದರ ಮ್ಯಾಲ ಕುಂತಾಕಿ ನೀನು. ನೀನ ಹೇಳು” ಎಂದರು ಮಾವ.

ಅತ್ತೆ ಮಣೆಯನ್ನೊಮ್ಮೆ ತಟ್ಟಿ ನೋಡಿ, ಸೆರಗು ಸಿಕ್ಕಿಸಿ ದೋಣಿ ಹತ್ತಿದರು. ನಾನೂ ಹತ್ತಿದೆ. ಹಾಯಿ ಉಬ್ಬಿತು, ದೋಣಿ ನೆಟ್ಟಗೆ ಹೊರಟಿತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಮಾವ ಹಾಯಿ ನೋಡುವುದು ಬಿಟ್ಟು ಅವರನ್ನೇ ನೋಡುತ್ತಿದ್ದರು.

“ತಲಿ ತಿರಗಾಕತ್ತೈತೇನು?”

ಅತ್ತೆ ಮೆಲ್ಲಗೆ ಕಣ್ಣು ಬಿಟ್ಟರು. ಸುತ್ತಲ ನೀರನ್ನು ಎಷ್ಟೋ ಹೊತ್ತು ನೋಡಿದರು.

“ಇಲ್ರಿ. ಇನ್ನೊಂದೀಟು ಮುಂದ ಹೋಗೂಣು.”

ಮಾವ ಕಣ್ಣೊರೆಸಿಕೊಳ್ಳಲು ಹಾಯಿಯ ಹಗ್ಗ ಬಿಟ್ಟರು. ನಾನು ಹಿಡಿದುಕೊಂಡೆ.