ಪಂದ್ಯವಿಲ್ಲದ ಶನಿವಾರ

ಇಷ್ಟು ವರ್ಷ ತ್ಯಾಗರಾಜನ ಮನೆಯಲ್ಲಿ ಆದ ಅನಾಹುತಗಳೆಲ್ಲ ಪಂದ್ಯ ನಡೆದದ್ದರಿಂದ ಆದವು. ಈ ಸಲ ತೊಂದರೆ ಶುರುವಾದದ್ದು ಪಂದ್ಯ ನಡೆಯದೆ ಹೋದದ್ದರಿಂದ.

ಪಂದ್ಯವೇನೂ ಅವನದಲ್ಲ. ಡಚ್ಚರ ನಾಡಿನ ಸ್ಕಿಪೋಲ್ ವಿಮಾನ ನಿಲ್ದಾಣದ ಮಗ್ಗುಲಿನ ಬಾಡ್‌ಹೂವೆಡಾರ್ಪ್‌ನಲ್ಲಿ, ವಿಮಾನದ ಹೊಟ್ಟೆ ನೋಡುತ್ತ ಬಟ್ಟೆ ಒಣಗಿಸುವ ಸಾಲುಮನೆಯೊಂದರಲ್ಲಿ ಸಂಸಾರ ಹೂಡಿದ್ದ ಈ ಮೈಸೂರಿನ ಮನುಷ್ಯ ಅಮೆರಿಕಕ್ಕೆ ಕಾಲಿಟ್ಟವನೇ ಅಲ್ಲ. ಆದರೆ ಅವನ ಆಫೀಸಿನ ಇಬ್ಬರು ಕಿರಿಯ ಗೆಳೆಯರು, ಉಡುಪಿಯ ಹೃಷಿಕೇಶ್ ಮತ್ತು ಮಂಗಳೂರಿನ ಶ್ರೀಜಿತ್, ಅಲ್ಲಿ ಎಂ.ಎಸ್. ಮಾಡಿ ಬಂದವರು. ಅಕ್ಕತಂಗಿಯರನ್ನು ಮದುವೆಯಾಗಿ ಷಡ್ಡಕರಾದವರು. ಒಂದೇ ಬೀದಿಯಲ್ಲಿ ಮನೆ, ಒಂದೇ ಕಾರಿನಲ್ಲಿ ಆಫೀಸು. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಹಾಲು ಸಕ್ಕರೆಯಂತಿದ್ದ ಇವರು ನವೆಂಬರಿನ ಒಂದು ಶನಿವಾರ ಮಾತ್ರ ಹಾವು ಮುಂಗುಸಿಯಾಗುತ್ತಿದ್ದರು. ಅವತ್ತು ಇಬ್ಬರ ಕಾಲೇಜುಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಹೃಷಿಕೇಶನ ಕಾಲೇಜಿನ ಲಾಂಛನ ನೀರುನಾಯಿ, ಶ್ರೀಜಿತನದು ಮುಳ್ಳುಹಂದಿ. ಒಂದೇ ರಾಜ್ಯದ ಅಕ್ಕಪಕ್ಕದ ಊರುಗಳು. ನೂರು ವರ್ಷದಿಂದ ಬಿಡದೆ ಗುದ್ದಾಡಿಕೊಂಡು ಬಂದವು.

ನೀರುನಾಯಿಯ ಮನೆಯಲ್ಲಿ ಕೂತು ಪಂದ್ಯ ನೋಡಲು ಮುಳ್ಳುಹಂದಿ ಒಪ್ಪುತ್ತಿರಲಿಲ್ಲ. ಮುಳ್ಳುಹಂದಿಯ ಹೊಸಿಲು ತುಳಿಯಲು ನೀರುನಾಯಿ ಸಿದ್ಧವಿರಲಿಲ್ಲ. ಹಾಗಾಗಿ ಇಬ್ಬರೂ ಬಂದು ಕೂರುತ್ತಿದ್ದದ್ದು ತ್ಯಾಗರಾಜನ ಸೋಫಾದ ಎರಡು ತುದಿಯಲ್ಲಿ. ನಡುವೆ ಗಡಿಕಲ್ಲಿನ ಹಾಗೆ ತ್ಯಾಗರಾಜ. ಒಂದು ವರ್ಷ ಅವನ ಟೀಪಾಯಿಯ ಗಾಜು ಹೋಯಿತು. ಇನ್ನೊಂದು ವರ್ಷ, ಕೊನೆಯ ಗಳಿಗೆಯಲ್ಲಿ ಸೋತ ಶ್ರೀಜಿತ್ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡವನು, ಹೆಂಡತಿ ಸಂಪ್ರೀತಾ ಬಂದು ಬಾಗಿಲ ಸಂದಿಯಲ್ಲಿ ತುಳುವಿನಲ್ಲಿ ಬೈಯುವ ತನಕ ಹೊರಗೆ ಬರಲಿಲ್ಲ.

ಈ ವರ್ಷ ಆ ಪೀಡೆ ತಾನಾಗಿ ತೊಲಗಿತ್ತು. ಟಿವಿಯವರು ಹೆಚ್ಚು ದುಡ್ಡು ಕೊಡುತ್ತಾರೆಂದು ನೀರುನಾಯಿ ಕಾಲೇಜು ತಾನು ಆಡುತ್ತಿದ್ದ ಕಾಲೇಜುಗಳ ಹಳೆಯ ಗುಂಪು ಬಿಟ್ಟು ಪಶ್ಚಿಮ ಕರಾವಳಿಯ ಗುಂಪಿಗೆ ಸೇರಿಕೊಂಡಿತು. ರಿಅಲೈನ್‌ಮೆಂಟ್ ಎಂಬ ಈ ಗುಂಪು ಬದಲಾವಣೆಯಾದ ಮೇಲೆ ಎದುರಾಳಿಗಳೂ ಬದಲಾದರು. ಮುಳ್ಳುಹಂದಿಯ ಜೊತೆಗಿನ ಪಂದ್ಯ ಪಟ್ಟಿಯಿಂದಲೇ ಬಿದ್ದುಹೋಯಿತು. ತ್ಯಾಗರಾಜನಿಗೆ ಅರ್ಥವಾದದ್ದಿಷ್ಟೆ: ನೂರು ವರ್ಷ ಪಂಕ್ತಿಯಲ್ಲಿ ಎದುರುಬದುರು ಕೂತು ಉಂಡವರಲ್ಲಿ ಒಬ್ಬ, ಆ ಕಡೆ ಪಾಯಸ ಜಾಸ್ತಿ ಬಡಿಸುತ್ತಾರಂತೆ ಎಂದು ಎಲೆ ಎತ್ತಿಕೊಂಡು ಊರಾಚೆಯ ಛತ್ರಕ್ಕೆ ಓಡಿಹೋಗಿದ್ದಾನೆ. ಸುದ್ದಿ ಕೇಳಿದ ದಿನ ಷಡ್ಡಕರಿಬ್ಬರೂ ಆಫೀಸಿನ ಕ್ಯಾಂಟೀನಿನಲ್ಲಿ ಸೂತಕದವರ ಹಾಗೆ ಕೂತಿದ್ದರು. ತ್ಯಾಗರಾಜ ಮುಖ ಸಣ್ಣದು ಮಾಡಿಕೊಂಡು ಎದ್ದುಹೋಗಿ, ಕಾಫಿ ಮೆಷಿನ್ನಿನ ಹಿಂದೆ ನಿಂತು ನಕ್ಕಿದ್ದ.

ಆ ಶನಿವಾರ ಅವನಿಗೆ ಬೇಕಿದ್ದದ್ದು ನಿದ್ದೆ. ತಿಂಗಳಿಂದ ಆಫೀಸಿನಲ್ಲಿ ಕೆಲಸ ಮೈಮೇಲೆ ಬಿದ್ದಿತ್ತು. ಕಣ್ಣ ಕೆಳಗೆ ಒಂದೊಂದು ಜೇಬು ಹೊಲಿದಂತಾಗಿತ್ತು. ಹೆಂಡತಿ ಪದ್ಮಿನಿ ಮಗಳು ಸಮೀಕ್ಷಾಳನ್ನು ಕರೆದುಕೊಂಡು ಹಾರ್ಲೆಮ್‌ನ ಸಂತೆಗೆ ಹೋದಳು. ತ್ಯಾಗರಾಜ ಬಿಸಿಬೇಳೆಬಾತು ಉಂಡು, ಪರದೆ ಎಳೆದು, ಕಂಬಳಿಯೊಳಗೆ ಕಾಲು ತೂರಿಸಿದ. ಬಾಗಿಲ ಗಂಟೆ ಹೊಡೆಯಿತು.

ಹೊರಗೆ ಹೃಷಿಕೇಶ್. ತಲೆಯ ಮೇಲೆ ನೀರುನಾಯಿ ಟೋಪಿ.

"ಇವತ್ತು ಮ್ಯಾಚ್ ಇಲ್ವಲ್ಲೋ!" ಅಂದ ತ್ಯಾಗರಾಜ.

"ಇಲ್ಲ ತ್ಯಾಗಣ್ಣ. ಅದಕ್ಕೇ ಬಂದದ್ದು. ಮನೆಯಲ್ಲಿ ಕೂತ್ಕೊಳ್ಳಿಕ್ಕೆ ಆಗುದಿಲ್ಲ ಮಾರ್ರೆ."

ಬಂದವನು ಸೋಫಾದ ತನ್ನ ತುದಿಯಲ್ಲಿ ಕೂತು, ಆರಿದ ಟಿವಿಯನ್ನೇ ನೋಡತೊಡಗಿದ. ತ್ಯಾಗರಾಜ ಕಾಫಿಗೆ ಹಾಲಿಡುವಷ್ಟರಲ್ಲಿ ಇನ್ನೊಮ್ಮೆ ಗಂಟೆ. ಕಿತ್ತಳೆ ಬಣ್ಣದ ಮುಳ್ಳುಹಂದಿ ಅಂಗಿ ತೊಟ್ಟ ಶ್ರೀಜಿತ್. ಕಂಕುಳಲ್ಲಿ ಮೊಟ್ಟೆಯಾಕಾರದ ಚೆಂಡು.

"ಅವ ಬಂದಿದ್ದಾನಾ?"

"ಬಂದಿದ್ದಾನೆ."

"ಗೊತ್ತಿತ್ತು ನನಗೆ. ಓಡಿಹೋದವರಿಗೆ ಉಂಟಾ ನಾಚಿಕೆ?" ಎನ್ನುತ್ತ ಅವನೂ ಒಳಬಂದು ಇನ್ನೊಂದು ತುದಿ ಹಿಡಿದ.

"ಓಡಿಹೋದದ್ದು ಅಲ್ಲ, ಬೆಳೆದದ್ದು," ಅಂದ ಹೃಷಿಕೇಶ್, ಟಿವಿಯಿಂದ ಕಣ್ಣು ತೆಗೆಯದೆ. "ನಿಮ್ಮನ್ನು ಯಾರೂ ಕರೀಲಿಲ್ಲ, ಅದಕ್ಕೆ ಹೊಟ್ಟೆಕಿಚ್ಚು."

"ನಮಗೆ ಮರ್ಯಾದೆ ಉಂಟು, ಅದಕ್ಕೆ ಕರೀಲಿಲ್ಲ!"

ಅಷ್ಟರಲ್ಲಿ ತ್ಯಾಗರಾಜನ ಫೋನು ಬಡಿದುಕೊಂಡಿತು. ಹೃಷಿಕೇಶನ ಹೆಂಡತಿ ಪೂಜಿತಾ. "ತ್ಯಾಗಣ್ಣ, ಇಬ್ಬರೂ ಅಲ್ಲಿಗೇ ಬಂದ್ರಲ್ಲ? ಒಳ್ಳೇದಾಯ್ತು. ಸಂಜೆವರೆಗೆ ಕಳಿಸ್ಬೇಡಿ. ಬೆಳಿಗ್ಗೆಯಿಂದ ತಿಥಿಯ ಮನೆ ಮಾಡಿಟ್ಟಿದ್ದಾರೆ." ಅವನು ಬಾಯಿ ತೆರೆಯುವ ಮೊದಲೇ ಫೋನು ಇಟ್ಟಳು.

ತ್ಯಾಗರಾಜ ತನ್ನದೇ ಮನೆಯ ಸೋಫಾದ ನಡುವೆ ಕೂತು, ನಡೆಯದ ಪಂದ್ಯವನ್ನು ನೋಡತೊಡಗಿದ. ಎಡಗಿವಿಯಲ್ಲಿ ನೀರುನಾಯಿಗಳ ಹಳೆಯ ಗೆಲುವುಗಳು, ಬಲಗಿವಿಯಲ್ಲಿ ಮುಳ್ಳುಹಂದಿಗಳಿಗಾದ ಅನ್ಯಾಯಗಳು. ಕಣ್ಣು ತೂಗಿ ತಲೆ ಎಡಕ್ಕೆ ವಾಲಿದರೆ ಶ್ರೀಜಿತ್, "ನೀವೂ ಆ ಕಡೆಯಾ ತ್ಯಾಗಣ್ಣ?" ಎಂದು ಎಬ್ಬಿಸುತ್ತಿದ್ದ. ಬಲಕ್ಕೆ ವಾಲಿದರೆ ಹೃಷಿಕೇಶ್.

ಇಷ್ಟೇ ಆಗಿದ್ದರೆ ಹೇಗೋ ಸಂಜೆಯಾಗುತ್ತಿತ್ತು. ಆದರೆ ಮೂರನೆಯ ಸಲ ಗಂಟೆ ಹೊಡೆದು ನಂಜುಂಡಸ್ವಾಮಿ ಬಂದರು. ಊರಿನ ಕನ್ನಡ ಬಳಗದ ಅಧ್ಯಕ್ಷರು, ನಾಲ್ಕು ಮನೆ ಆಚೆಯವರು. ಎಲ್ಲಾದರೂ ಇಬ್ಬರು ಸುಮ್ಮನೆ ಕೂತಿದ್ದರೆ ಅವರಿಂದೊಂದು ಕಾರ್ಯಕ್ರಮ ಮಾಡಿಸದೆ ಬಿಡುವ ಜೀವವಲ್ಲ. ರಾಜ್ಯೋತ್ಸವದ ಊಟದ ಪಾತ್ರೆ ವಾಪಸು ಕೇಳಲು ಬಂದವರು ವಿಷಯವೆಲ್ಲ ಕೇಳಿ ತೊಡೆ ತಟ್ಟಿದರು.

"ಅಲ್ರಪ್ಪಾ, ಕಾಲೇಜುಗಳು ಆಡದೇ ಇದ್ರೆ ನೀವೇ ಆಡ್ರಿ! ಚೆಂಡು ಇದೆ, ಹಿಂದ್ಗಡೆ ಹುಲ್ಲಿನ ಮೈದಾನ ಇದೆ. ನೂರು ವರ್ಷದ ಪರಂಪರೆ, ನಮ್ಮ ಏರಿಯಾದಲ್ಲಿ ನಿಲ್ಲಬಾರದು."

"ಸ್ವಾಮಿ, ಬೇಡ ಸ್ವಾಮಿ," ಅಂದ ತ್ಯಾಗರಾಜ.

"ನೀವು ರೆಫರಿ ತ್ಯಾಗರಾಜ್. ನ್ಯೂಟ್ರಲ್ ಮನುಷ್ಯ ನೀವೊಬ್ರೇ."

ಹತ್ತು ನಿಮಿಷದಲ್ಲಿ ನಾಲ್ವರೂ ಮನೆ ಹಿಂದಿನ ಒದ್ದೆ ಹುಲ್ಲಿನ ಮೇಲಿದ್ದರು. ಅತ್ತ ಒಂದು ವಿಲೋ ಮರ, ಇತ್ತ ಒಂದು ಕಾಲುವೆ. ಚೆಂಡು ಹಿಡಿದು ಮರ ದಾಟಿದರೆ ಮುಳ್ಳುಹಂದಿಗೆ ಅಂಕ, ಕಾಲುವೆಯ ಮುಂದೆ ಎಳೆದ ಗೆರೆ ದಾಟಿದರೆ ನೀರುನಾಯಿಗೆ ಅಂಕ ಎಂದು ನಂಜುಂಡಸ್ವಾಮಿ ನಿಯಮ ಮಾಡಿದರು. ನಲವತ್ತು ದಾಟಿದ ಇಬ್ಬರು ಎಂಜಿನಿಯರುಗಳು, ಹಗ್ಗ ಬಿಚ್ಚಿದ ಕೋಣಗಳ ಹಾಗೆ ನುಗ್ಗಿದರು. ತ್ಯಾಗರಾಜ ಚಪ್ಪಲಿಯಲ್ಲೇ ಹಿಂದೆ ಹಿಂದೆ ಓಡಿದ. ಹೃಷಿಕೇಶ್ ಚೆಂಡು ಅಪ್ಪಿಕೊಂಡು ಗೆರೆಯ ಹತ್ತಿರ ಬಂದ. ಶ್ರೀಜಿತ್ ಅವನ ಸೊಂಟಕ್ಕೆ ಜೋತುಬಿದ್ದ. ಚೆಂಡು ಸಾಬೂನಿನ ಹಾಗೆ ಜಾರಿ ಕಾಲುವೆಗೆ ಬಿತ್ತು.

"ದಾಟಿದೆ!" "ದಾಟ್ಲಿಲ್ಲ!"

"ಮೊದಲು ಚೆಂಡು ತಗೊಳ್ಳಿ ರೆಫರಿ, ತೇಲಿ ಹೋಗ್ತಾ ಇದೆ," ಅಂದರು ನಂಜುಂಡಸ್ವಾಮಿ.

ತ್ಯಾಗರಾಜ ಎಲೆ ಬಾಚುವ ಕುಂಟೆ ತಂದು ಚೆಂಡನ್ನು ಎಳೆಯಲು ಬಗ್ಗಿದ. ಚೆಂಡು ಬರಲಿಲ್ಲ, ಅವನೇ ಹೋದ. ಸೊಂಟದ ತನಕ ನವೆಂಬರಿನ ನೀರು. ದಂಡೆಯ ಮೇಲೆ ನಾಯಿ ಅಡ್ಡಾಡಿಸುತ್ತಿದ್ದ ಡಚ್ ಮುದುಕಿಯೊಬ್ಬಳು ನಿಂತು, "ಖಾತ್ ಹೆಟ್, ಮೆನೇರ್?" ಎಂದು ಆರೋಗ್ಯ ವಿಚಾರಿಸಿದಳು. "ಯಾ, ಯಾ," ಅಂದ ತ್ಯಾಗರಾಜ, ಹಲ್ಲು ಕಟಕಟಿಸುತ್ತ. ನಾಯಿ ಮಾತ್ರ ನಂಬಲಿಲ್ಲ. ಅವನು ಮೇಲೆ ಹತ್ತುವ ತನಕ ಬೊಗಳಿತು.

ಮೇಲೆ ಬಂದವನಿಗೆ ಟವೆಲ್ಲು ಕೊಡುವವರಿಲ್ಲ. ಇಬ್ಬರೂ ಮುತ್ತಿಕೊಂಡರು.

"ಹೇಳಿ ತ್ಯಾಗಣ್ಣ, ದಾಟಿತ್ತಲ್ಲ?"

"ನಾನು ನೋಡ್ಲಿಲ್ಲ ಕಣ್ರಯ್ಯಾ."

"ರೆಫರಿ ಆಗಿ ನೋಡ್ಲಿಲ್ಲ ಅಂದ್ರೆ ಹೇಗೆ? ಒಬ್ಬ ರೆಫರಿಯ ತಪ್ಪಿನಿಂದ ಒಂದು ತಲೆಮಾರೇ ಹಾಳಾಗ್ತದೆ ಮಾರಾಯ್ರೆ!" ಅಂದ ಶ್ರೀಜಿತ್.

ವರ್ಷಕ್ಕೊಮ್ಮೆಯೂ ದನಿ ಏರಿಸದ ತ್ಯಾಗರಾಜನೊಳಗೆ ಏನೋ ಕಡಿದುಹೋಯಿತು. "ಥೂ ನಿಮ್ಮ! ಮಕ್ಕಳು ಮರಿ ಇರೋ ಗಂಡಸರಾ ನೀವು? ಎಂದೋ ಓದಿದ ಕಾಲೇಜು, ಯಾರೋ ಆಡೋ ಆಟ. ಗುಂಪು ಬದಲಾಯ್ತು, ಪಂದ್ಯ ಹೋಯ್ತು, ಅಷ್ಟೆ! ಬುದ್ಧಿ ಇರೋರು ಯಾರಾದ್ರೂ ಇದನ್ನ ಮನಸಲ್ಲಿ ಇಟ್ಕೊಂಡು ಕೊರಗ್ತಾರಾ?"

ಷಡ್ಡಕರು ತಲೆ ತಗ್ಗಿಸಿದರು. ನಂಜುಂಡಸ್ವಾಮಿ ಸಮಾಧಾನದ ದನಿ ತೆಗೆದರು.

"ಹಾಗನ್ಬೇಡಿ ತ್ಯಾಗರಾಜ್. ಕೊರಗೋರು ಇರ್ತಾರೆ. ನಮ್ಮ ಮೈಸೂರಲ್ಲೇ ನೋಡಿದೀನಲ್ಲ. ನಾವು ಕೆರೆ ಆಚೆ ಕಾಲೇಜು, ಎದುರಾಳಿ ಕೆರೆ ಈಚೆ ಕಾಲೇಜು. ವಾಲಿಬಾಲ್ ಫೈನಲ್. ಕೊನೇ ಪಾಯಿಂಟಲ್ಲಿ ಅವರ ಕಡೆ ಒಬ್ಬ ಎಗರಿ ಸ್ಮ್ಯಾಶ್ ಹೊಡ್ದ, ಕೈ ನೆಟ್‌ಗೆ ತಗಲ್ತು. ನಾನೇ ಕೂಗಿ ರೆಫರಿಗೆ ತೋರಿಸ್ದೆ. ಕಪ್ಪು ನಮಗೆ ಬಂತು. ಆ ಹುಡುಗ ಪಾಪ, ಮೈದಾನದಲ್ಲೇ ಕೂತು ಗೊಳೋ ಅಂತ ಅತ್ತಿದ್ದ."

ತ್ಯಾಗರಾಜನ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಮೆಲ್ಲನೆ ತಿರುಗಿದ.

"ತಗಲಿರಲಿಲ್ಲ."

"ಏನು?"

"ಕೈ ನೆಟ್‌ಗೆ ತಗಲಿರಲಿಲ್ಲ. ಕೆಂಪು ಬನಿಯನ್ನು ಹಾಕ್ಕೊಂಡು, ರೆಫರಿ ಮುಂದೆ ಕೋತಿ ಹಾಗೆ ಕುಣಿದ ಕಡ್ಡಿಪೈಲ್ವಾನ್ ನೀನೇನೋ?"

ಆರು ವರ್ಷದ ಪರಿಚಯದಲ್ಲಿ ಇವರಿಬ್ಬರೂ ಮಾತಾಡಿದ್ದೆಲ್ಲ ಹಾಲ್ ಬಾಡಿಗೆ, ಹೋಳಿಗೆ, ಧ್ವನಿವರ್ಧಕ. ಕಾಲೇಜಿನ ಮಾತು ಒಮ್ಮೆಯೂ ಬಂದಿರಲಿಲ್ಲ. ನಂಜುಂಡಸ್ವಾಮಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು.

"ಮೀಸೆ ತ್ಯಾಗಿ! ಆ ಅಳುಮುಂಜಿ ನೀನಾ!"

"ಅಳುಮುಂಜಿ ಅಂತೀಯಾ? ಕಳ್ಳ ಕಪ್ಪು ಹೊತ್ಕೊಂಡು ಹೋದೋನೇ! ಮುಂದಿನ ವರ್ಷ ನಿಮ್ಮನ್ನ ಮಣ್ಣು ಮುಕ್ಕಿಸೋಣ ಅಂತ ವರ್ಷವಿಡೀ ಬೆಳಗ್ಗೆ ಐದಕ್ಕೆ ಎದ್ದು ಪ್ರಾಕ್ಟೀಸ್ ಮಾಡಿದೆ ಕಣೋ. ಅಷ್ಟೊತ್ತಿಗೆ ಯೂನಿವರ್ಸಿಟಿಯೋರು ವಲಯಾನೇ ಬದಲಾಯಿಸಿಬಿಟ್ರು! ನಮ್ಮನ್ನ ಮಂಡ್ಯದ ಕಡೆಗೆ ಹಾಕಿದ್ರು, ನಿಮ್ಮನ್ನ ಹಾಸನದ ಕಡೆಗೆ. ಆಮೇಲೆ ನೀವು ನಮಗೆ ಸಿಗ್ಲೇ ಇಲ್ಲ..." ತ್ಯಾಗರಾಜ ತೋಳಿನಿಂದ ಮೂಗು ಒರೆಸಿಕೊಂಡ.

ಷಡ್ಡಕರು ಒಬ್ಬರ ಮುಖ ಒಬ್ಬರು ನೋಡಿದರು. ಬೆಳಗಿನಿಂದ ಬಾಡಿದ್ದ ಎರಡು ಮುಖಗಳೂ ಒಟ್ಟಿಗೆ ಅರಳಿದವು.

"ಇವರಿಗೂ ರಿಅಲೈನ್‌ಮೆಂಟ್ ಆಗಿದೆ ಮಾರಾಯ!" ಅಂದ ಹೃಷಿಕೇಶ್, ಭಕ್ತಿಯಿಂದ.

ಜಗಳ ಮೈದಾನದಿಂದ ಮನೆಯೊಳಕ್ಕೆ ನಡೆದುಬಂತು. ತ್ಯಾಗರಾಜ ಲುಂಗಿ ಸುತ್ತಿಕೊಂಡು ಪರದೆಯನ್ನೇ ನೆಟ್ಟು ಮಾಡಿ, ತನ್ನ ಕೈ ಎಷ್ಟು ದೂರವಿತ್ತೆಂದು ಎಗರಿ ತೋರಿಸಿದ, ಮೊಣಕಾಲು ಲಟಕ್ಕೆಂದಿತು. ನಂಜುಂಡಸ್ವಾಮಿ ಹಾಗೇ ಎಗರಿ, ಎಷ್ಟು ಹತ್ತಿರವಿತ್ತೆಂದು ತೋರಿಸಿದರು. ಷಡ್ಡಕರು ಅಕ್ಕಪಕ್ಕದಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು, ಚಕ್ಕುಲಿ ಮುರಿದು ಹಂಚಿಕೊಂಡು ತಿನ್ನುತ್ತ ನೋಡಿದರು.

"ಬಾಯಲ್ಲಿ ಯಾಕೆ? ಆಡಿ ತೀರಿಸೋಣ," ಅಂದರು ನಂಜುಂಡಸ್ವಾಮಿ. "ಬರೋ ಶನಿವಾರ."

"ಬರೋ ಶನಿವಾರ! ಆಡ್ತೀನಿ!" ಎಂದು ತ್ಯಾಗರಾಜ ಕೂಗಿದ. ಶ್ರೀಜಿತ್ ಆಗಲೇ ಫೋನು ತೆಗೆದು ಊರಿನ ಕ್ರೀಡಾಭವನದಲ್ಲಿ ಜಾಗ ಹಿಡಿದಾಗಿತ್ತು.

ಅದೇ ಹೊತ್ತಿಗೆ ಪದ್ಮಿನಿ, ಕೈಯಲ್ಲಿ ಹೂಕೋಸಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲುಂಗಿಯ ಗಂಡ, ಕುಣಿಯುತ್ತಿರುವ ಅಧ್ಯಕ್ಷರು, ನೆಲದ ಮೇಲೆ ಕಾಲುವೆಯ ಕೆಸರು. ಸಮೀಕ್ಷಾ "ಓ ಮೈ ಗಾಡ್, ಅಪ್ಪಾ," ಎಂದು ನೇರ ಮಹಡಿ ಹತ್ತಿದಳು. ಪದ್ಮಿನಿ ವಿಷಯ ಕೇಳಿದಳು.

"ಆ ಫೈನಲ್ಲಾ? ನಾನೂ ಇದ್ನಲ್ಲ ಅಲ್ಲಿ. ಕೆರೆ ಈಚೆ ಕಾಲೇಜಲ್ಲಿ ಫಸ್ಟ್ ಇಯರ್ರು. ಹುಡುಗೀರ್ನೆಲ್ಲ ನೆಟ್ ಪಕ್ಕದಲ್ಲೇ ನಿಲ್ಲಿಸಿದ್ರು."

ತ್ಯಾಗರಾಜನಿಗೆ ದೇವರೇ ಹೂಕೋಸು ಹಿಡಿದು ಬಂದಂತಾಯಿತು. "ಹೇಳೇ ಪದ್ಮಿನಿ! ಇವನ ಮುಖಕ್ಕೆ ಹೊಡೆದ ಹಾಗೆ ಹೇಳು! ತಗಲಿತ್ತಾ?"

"ತಗಲಿತ್ತು ರೀ."

ಮೇಲೆ ವಿಮಾನವೊಂದು ಹಾದುಹೋಯಿತು.

"ಎಡಗೈ ಕಿರುಬೆರಳು," ಅಂದಳು ಪದ್ಮಿನಿ, ಚೀಲ ಕೆಳಗಿಡುತ್ತ. "ನೆಟ್ಟು ಅಲ್ಲಾಡಿದ್ದೂ ನೋಡಿದೆ."

"ಮತ್ತೆ... ಮತ್ತೆ ಇಷ್ಟು ವರ್ಷ, ನಾನು ಕಥೆ ಹೇಳ್ದಾಗೆಲ್ಲ ಹೂಂ ಹೂಂ ಅಂತಿದ್ಯಲ್ಲೇ! ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ನಮ್ಮ ಕಾಲೇಜಲ್ವಾ!"

"ಈಗ ಯಾಕೆ ಹೇಳ್ದೆ?"

"ನಿಜ ಗೊತ್ತಾದ್ರೆ ಜಗಳ ಮುಗಿಯುತ್ತೆ, ಶನಿವಾರ ಆರಾಮಾಗಿ ಮಲಗ್ತೀರಿ ಅಂತ. ಮುಖ ನೋಡ್ಕೊಂಡಿದ್ದೀರಾ ಎಷ್ಟು ಸುಸ್ತಾಗಿದೆ?"

ನಂಜುಂಡಸ್ವಾಮಿ ದೊಡ್ಡ ಮನಸ್ಸು ಮಾಡಿ ಕೈ ಚಾಚಿದರು. "ಬಿಡಪ್ಪಾ ತ್ಯಾಗಿ, ಮುಗೀತಲ್ಲ. ಪಂದ್ಯ ಬೇಡ."

ತ್ಯಾಗರಾಜ ಆ ಕೈ ನೋಡಿದ. ತನ್ನ ಎಡಗೈಯ ಕಿರುಬೆರಳನ್ನು ನೋಡಿದ.

"ತಗಲಿರಲಿಲ್ಲ," ಅಂದ. "ಶನಿವಾರ ಬೆಳಗ್ಗೆ ಹತ್ತು ಗಂಟೆ. ತಪ್ಪಿಸ್ಕೋಬೇಡ."

ಷಡ್ಡಕರು ಚಪ್ಪಾಳೆ ತಟ್ಟಿದರು. ರೆಫರಿ ಯಾರು ಎಂಬ ಪ್ರಶ್ನೆ ಬಂತು. ಎರಡೂ ಕಡೆಯವರು ನಂಬುವ ಮನುಷ್ಯ ಆ ಕೋಣೆಯಲ್ಲಿ ಒಬ್ಬರೇ ಇದ್ದರು. ಎಲ್ಲರ ಕಣ್ಣೂ ಹೂಕೋಸು ತೊಳೆಯಲು ಹೊರಟಿದ್ದ ಪದ್ಮಿನಿಯ ಕಡೆ ತಿರುಗಿತು.

"ಆಗ್ಲಿ," ಅಂದಳು ಪದ್ಮಿನಿ. "ನನಗೆ ಕುರ್ಚಿ ಮಾತ್ರ ನೆಟ್ ಪಕ್ಕಕ್ಕೇ ಹಾಕಿಸಿ."