ವಾಯಿದೆಗೆ ಬಂದ ಬಾಗಿನ

ಮೊರ ಚೀಲಕ್ಕೆ ಹಿಡಿಸಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಸೋಸಲೆಯ ಪುಟ್ಟರಾಜು ಗೊಬ್ಬರದ ಚೀಲದ ಬಾಯಿ ಎಷ್ಟು ಅಗಲಿಸಿದರೂ ಬಾಗಿನದ ಜೋಡಿ ಮೊರ ಫುಟ್‌ಬೋರ್ಡಿನ ಮೇಲಿನ ಕಂಡಕ್ಟರನ ಹಾಗೆ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತು. ನಾಳೆ ಗೌರಿಹಬ್ಬ. ಇವತ್ತು ನರಸೀಪುರದ ಕೋರ್ಟಿನಲ್ಲಿ ವಾಯಿದೆ. ಹೊಳೆಪಕ್ಕದ ಹೊಲದಲ್ಲಿ ಪಾಲು ಬೇಕೆಂದು ದಾವೆ ಹೂಡಿದ್ದವಳು ನಂಜನಗೂಡಿಗೆ ಕೊಟ್ಟಿದ್ದ ಸ್ವಂತ ಅಕ್ಕ, ವಿಶಾಲಮ್ಮ. ತಡೆಯಾಜ್ಞೆ ಬಿದ್ದು ಹೊಲದ ತುಂಬ ಪಾರ್ಥೇನಿಯಂ. ಅಂದಿನಿಂದ ಅಕ್ಕತಮ್ಮನಿಗೆ ಮಾತಿಲ್ಲ, ಬಾಗಿನವಿಲ್ಲ.

ಅವ್ವ ಸತ್ತ ಮೇಲೆ ತಲೆಗೆ ಎಣ್ಣೆ ಒತ್ತಿ ಬೆಳೆಸಿದವಳು ಆ ಅಕ್ಕನೇ. ಹಿಂದೆಲ್ಲ ಹಬ್ಬಕ್ಕೆ ಅವನು ನಂಜನಗೂಡಿಗೆ ಹೋಗಿ, ಬೈಕು ಆಫ್ ಕೂಡ ಮಾಡದೆ ಮೊರ ಕೈಗಿಟ್ಟು, "ಡೈರಿಗೆ ಟೈಮಾಯ್ತು ಕಣಕ್ಕ" ಎಂದು ವಾಪಸು ತಿರುಗುತ್ತಿದ್ದ. ಈಗ ಅವಳು ಒಮ್ಮೆ 'ಪುಟ್ಟಾ' ಎಂದರೆ ಸಾಕು ಎನ್ನುವಂತಾಗಿತ್ತು.

"ಏನ್ಲಾ ಅದು?" ಎಂದ ಬಸ್ಸಿನಲ್ಲಿ ಪಕ್ಕದ ಮನೆಯ ಶಿವಣ್ಣ. ಸ್ವಂತ ಕೇಸು ಒಂದೂ ಇಲ್ಲದಿದ್ದರೂ ಊರವರ ವಾಯಿದೆಗಳಿಗೆಲ್ಲ ತಪ್ಪದೆ ಹೋಗುವ ಮನುಷ್ಯ.

"ಬಾಗಿನ ಕಣಣ್ಣ. ಅಕ್ಕಂಗೆ."

"ಕೆಟ್ಟಲ್ಲೋ! ತವರಿನ ಬಾಗಿನ ಕೊಟ್ರೆ ಪಾಲು ಒಪ್ಕಂಡಂಗೆ ಕಣ್ಲಾ!" ಎಂದವನೇ ಯಾರಿಗೂ ಕಾಣದಿರಲೆಂದು ಶಿವಣ್ಣ ಚೀಲದ ಮೇಲೆ ಕುಳಿತೇಬಿಟ್ಟ. ಒಳಗೆ ಬಳೆಗಳು ಚಟಚಟ ಎಂದವು. ಪುಟ್ಟರಾಜುವಿನ ಎದೆಯೂ.

ಕೋರ್ಟಿನ ಗೇಟಲ್ಲಿ ಪೊಲೀಸಿನವನು ಚೀಲ ತಡೆದ.

"ದಾಖಲೆ ಸಾ," ಎಂದು ಶಿವಣ್ಣ ಮುಂದೆ ಬಿದ್ದ.

ಪೊಲೀಸಿನವನು ಕೈಹಾಕಿ ದಾಖಲೆಯೊಳಗಿಂದ ಬಾಚಣಿಗೆಯೊಂದನ್ನು ತೆಗೆದ. "ಯಾರದ್ರೀ ಕೇಸು?"

"ಅಕ್ಕಂದು ಸಾ," ಎಂದ ಪುಟ್ಟರಾಜು ಸಣ್ಣ ದನಿಯಲ್ಲಿ.

ಪೊಲೀಸಿನವನು ಬಾಚಣಿಗೆ ವಾಪಸು ಒಳಗಿಟ್ಟ. ಅವನಿಗೂ ಅಕ್ಕ ಇದ್ದಿರಬೇಕು.

ಹೊಂಗೆಮರದ ಕೆಳಗೆ ವಿಶಾಲಮ್ಮ ಎಂದಿನಂತೆ ಎದುರು ಬೆಂಚಿನಲ್ಲಿದ್ದಳು. ಬೇರೆಲ್ಲಿ ಎಷ್ಟು ಜಾಗವಿದ್ದರೂ ಅವಳಿಗೆ ಎದುರೇ ಬೇಕು. ಮಡಿಲಲ್ಲಿ ದೊಡ್ಡ ಬುತ್ತಿ ಡಬ್ಬಿ, ಕಣ್ಣು ತಮ್ಮನ ಮೇಲೆ. 'ಕಣ್ಣಲ್ಲೇ ಸುಡ್ತಾವ್ಳೆ' ಎಂದುಕೊಂಡ ಪುಟ್ಟರಾಜು ಮಧ್ಯಾಹ್ನದವರೆಗೆ ತಲೆಯೆತ್ತಲಿಲ್ಲ.

ಕೊನೆಗೆ ಹೆಸರು ಕೂಗಿದರು. ಗಾಬರಿಯಲ್ಲಿ ಅವನು ಚೀಲ ಸಮೇತ ಒಳಗೆ ನುಗ್ಗಿದ. "ಬುಡ್ಲಾ ಅದ್ನ!" ಎಂದು ಶಿವಣ್ಣ ಹಿಂದಿನಿಂದ ಎಳೆದ. ಚೀಲ ಹರಿಯಿತು. ಅರಿಶಿನದ ಕೊಂಬು, ಬೇಳೆ, ಒಡೆದ ಬಳೆ ಎಲ್ಲ ಚೆಲ್ಲಿ, ತೆಂಗಿನಕಾಯಿ ಉರುಳಿಕೊಂಡು ಹೋಗಿ ಅಕ್ಕನ ವಕೀಲರ ಬೂಟಿಗೆ ತಾಗಿ ನಿಂತಿತು.

"ಇದು ದಾಖಲಾಗಬೇಕು!" ಎಂದರು ಅವರು. "ಪ್ರತಿವಾದಿ ಬಾಗಿನ ತಂದಿದ್ದಾರೆ. ಹಕ್ಕು ಒಪ್ಪಿದ ಹಾಗೆ!"

"ಆಕ್ಷೇಪಣೆಯಿದೆ!" ಪುಟ್ಟರಾಜುವಿನ ವಕೀಲರೂ ಎದ್ದರು. "ಅದು ನಮ್ಮ ಕಕ್ಷಿದಾರರ ಮನೆ ದಿನಸಿ!"

ನ್ಯಾಯಾಧೀಶೆ ಕನ್ನಡಕ ತೆಗೆದು ಪುಟ್ಟರಾಜುವಿನ ಕಡೆ ನೋಡಿದರು. "ನೀವೇ ಹೇಳಿ. ಏನಿದು?"

ನೆಲದ ಮೇಲೆ ಬೇಳೆ ಗೋರುತ್ತಿದ್ದವನು ಅಲ್ಲಿಂದಲೇ ಕೈಮುಗಿದ. "ಬಾಗಿನವೇ ತಾಯಿ. ಒಲ ಪೂರ್ತಿ ಬೇಕಾದ್ರೂ ಅವ್ಳೇ ತಕ್ಕಳ್ಳಿ. ಅಕ್ಕ ಒಂದ್ಸಲ ಮಾತಾಡುಸ್ಬೇಕು."

ವಕೀಲರಿಬ್ಬರೂ ಕುಳಿತರು. "ಹೊರಗೆ ಹೋಗಿ ಮಾತಾಡಿ," ಎಂದರು ನ್ಯಾಯಾಧೀಶೆ. "ರಾಜಿಯಾದರೆ ಬಂದು ಹೇಳಿ."

ಹೊಂಗೆಮರದ ಕೆಳಗೆ ವಿಶಾಲಮ್ಮ ಸೆರಗೊಡ್ಡಿ ಮೊರ ಇಸಕೊಂಡಳು. ಬಳೆಚೂರು ಒಂದೊಂದಾಗಿ ಆರಿಸಿ ತೆಗೆದಳು. "ಎಷ್ಟು ಬಡವಾಗಿದ್ದೀಯ ಪುಟ್ಟಾ," ಎಂದಳು. ಪುಟ್ಟರಾಜುವಿಗೆ ಮರ, ಬೆಂಚು, ಶಿವಣ್ಣ ಎಲ್ಲ ಮಂಜಾದವು.

ಅವಳು ಡಬ್ಬಿ ತೆಗೆದಳು. ಮೊಸರನ್ನ, ಉಪ್ಪಿನಕಾಯಿ, ಇಬ್ಬರಿಗಾಗುವಷ್ಟು. "ಪ್ರತಿ ಸಲಾನೂ ತತ್ತೀನಿ. ನೀನು ತಲೆ ಎತ್ತಿದ್ರೆ ತಾನೆ?"

ಎರಡು ತುತ್ತು ಒಳಗಿಳಿದ ಮೇಲೆ ಅವನಿಗೆ ಧೈರ್ಯ ಬಂತು. "ಬಾರಕ್ಕ, ರಾಜಿ ಅಂತ ಯೇಳ್ಬುಡಾನ. ಒಲ ನೀನೇ ಇಟ್ಕ. ಕೇಸ್ ತೆಗ್ದಾಕು."

ಡಬ್ಬಿಯ ಮುಚ್ಚಳ ಟಪ್ಪೆಂದು ಬಿತ್ತು. "ಕೇಸಾ? ತೆಗ್ಯಲ್ಲ."

"ಯಾಕಕ್ಕ? ಒಲ..."

"ಒಲ ಯಾರಿಗ್ ಬೇಕ್ಲಾ? ಕೇಸ್ ತೆಗ್ದ್ರೆ ನೀನು ಮತ್ತೆ ವರ್ಷಕ್ಕೊಂದ್ಸಲ ಬಂದು, ಗಾಡಿನೂ ಆಫ್ ಮಾಡ್ದೆ ಮೊರ ಕೊಟ್ಟು ಓಡ್ತೀಯ. ಈಗ ನೋಡು, ತಿಂಗ್ತಿಂಗ್ಳೂ ಬೆಳಗ್ಗಿಂದ ಸಂಜೆಗಂಟ ನನ್ನೆದ್ರುಗೇ ಕೂತಿರ್ತೀಯ!"

ಒಳಗಿಂದ ಹೆಸರು ಕೂಗಿದರು. ವಿಶಾಲಮ್ಮ ಕಣ್ಣೊರೆಸಿಕೊಂಡು, ಮುಖ ಗಂಟಿಕ್ಕಿಕೊಂಡು ಹೋಗಿ ನಿಂತಳು. "ರಾಜಿ ಆಗಲ್ಲ ತಾಯಿ. ಇವನ್ನ ಬುಡಲ್ಲ. ಸುಪ್ರೀಂ ಕೋರ್ಟ್‌ಗಂಟ ಓಯ್ತೀನಿ!"

ಸಂಜೆಯ ಬಸ್ಸಿನ ಕಿಟಕಿಯಾಚೆ ಪಾರ್ಥೇನಿಯಂ ಹೂವಿನ ಹೊಲ ಬೆಳ್ಳಗೆ ಹಾದುಹೋಯಿತು.

"ಗೆದ್ದೇನ್ಲಾ, ಸೋತೇನ್ಲಾ?" ಎಂದ ಶಿವಣ್ಣ.

"ಮುಂದಕ್ಕೋಯ್ತು ಕಣಣ್ಣ." ಪುಟ್ಟರಾಜು ಬೆರಳಿಗಂಟಿದ್ದ ಉಪ್ಪಿನಕಾಯಿ ನೆಕ್ಕಿದ. "ಮುಂದಿನ್ ವಾಯ್ದೆಗೆ ಬದ್ನೆಕಾಯಿ ತರಕ್ಕೇಳವ್ಳೆ."