ಭೂಗೋಳ ವಿಭಾಗ ಹುಡುಕುವುದರಲ್ಲಿ ತಡವಾದ ಇಪ್ಪತ್ತೆರಡು ನಿಮಿಷ

ಇಂದ,
ಗುಮಾಸ್ತೆ, ವಿಚಾರಣೆ ಕೌಂಟರ್,
ಕೇಂದ್ರ ಬಸ್ ನಿಲ್ದಾಣ
(ಹತ್ತೊಂಬತ್ತು ವರ್ಷಗಳಿಂದ ಅದೇ ಕುರ್ಚಿ. ಎರಡು ಸಲ ಕಾಲು ಬದಲಾಯಿಸಲಾಗಿದೆ, ಕುರ್ಚಿಯದು.)

ಗೆ,
ಅಧ್ಯಕ್ಷರು,
ಪಿಎಚ್.ಡಿ. ಪ್ರವೇಶ ಸಮಿತಿ,
ಭೂಗೋಳಶಾಸ್ತ್ರ ವಿಭಾಗ,
ಹಳೆ ಗ್ರಂಥಾಲಯದ ಹಿಂದುಗಡೆ, ಸೈಕಲ್ ಸ್ಟ್ಯಾಂಡ್ ಪಕ್ಕದ ಮೆಟ್ಟಿಲು ಹತ್ತಿ, ಮೊದಲ ಮಹಡಿ
(ಈ ವಿಳಾಸವನ್ನು ಕಣ್ಣಾರೆ ಕಂಡು ಬರೆದಿದೆ)

ವಿಷಯ: ಪಿಎಚ್.ಡಿ. ಪ್ರವೇಶದ ಅರ್ಜಿಯನ್ನು ಕೊನೆಯ ದಿನ ಇಪ್ಪತ್ತೆರಡು ನಿಮಿಷ ತಡವಾಗಿ ತಂದದ್ದನ್ನು ಮನ್ನಿಸಲು ಕೋರಿಕೆ, ಹಾಗೂ ಒಂದು ತಪ್ಪೊಪ್ಪಿಗೆ.

ಉಲ್ಲೇಖ:
೧) ತಮ್ಮ ವಿಭಾಗದ ಪ್ರವೇಶ ಪ್ರಕಟಣೆ (ಹನ್ನೊಂದು ಪುಟ. ವಿಭಾಗ ಎಲ್ಲಿದೆ ಎಂಬುದೊಂದು ಬಿಟ್ಟು ಎಲ್ಲವೂ ಇದೆ).
೨) ತಮ್ಮ ವಿಭಾಗದ ಗುಮಾಸ್ತರು ಕಿಟಕಿಯ ಸಂದಿಯಿಂದ ನೀಡಿದ ಮೌಖಿಕ ಹಿಂಬರಹ: "ಐದಕ್ಕೆ ಕ್ಲೋಸ್ ಮೇಡಂ. ನನ್ನ ಕೈಲಿ ಏನಿದೆ ಹೇಳಿ?" (ಅವರ ಕೈಯಲ್ಲಿ ಟೀ ಲೋಟ ಇತ್ತು.)
೩) ಅದೇ ಸಂಜೆ ನಮ್ಮ ಯಜಮಾನರ ಹೇಳಿಕೆ: "ಊರಿಗೆಲ್ಲ ದಾರಿ ಹೇಳೋಳು, ನಿನಗೇ ದಾರಿ ಸಿಗ್ಲಿಲ್ವಾ?"

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ, ಉಲ್ಲೇಖ ೩ಕ್ಕೆ ನನ್ನಲ್ಲಿ ಉತ್ತರವಿಲ್ಲದ ಕಾರಣ, ಉಳಿದೆರಡರ ಬಗ್ಗೆ ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

೧. ಅರ್ಹತೆಗೆ ಸಂಬಂಧಿಸಿದಂತೆ: ನಾನು ಭೂಗೋಳಶಾಸ್ತ್ರದಲ್ಲಿ ಅಂಚೆ ಮೂಲಕ ಎಂ.ಎ. ಮುಗಿಸಿರುತ್ತೇನೆ. ಬಸ್ಸು ಬಾರದ ಹೊತ್ತಿನಲ್ಲಿ ಕೌಂಟರಿನಲ್ಲೇ ಕೂತು ಓದಿದ್ದು. ನಮ್ಮ ನಿಲ್ದಾಣದಲ್ಲಿ ಬಸ್ಸು ಬಾರದ ಹೊತ್ತೇ ಹೆಚ್ಚಾದ ಕಾರಣ ಶೇಕಡ ಅರವತ್ತೆಂಟು ಅಂಕ ಬಂದಿರುತ್ತದೆ. ಸಂಖ್ಯಾಶಾಸ್ತ್ರ ಮಾತ್ರ ಮೊದಲ ಸಲ ಕೈಕೊಟ್ಟಿತು. ಬೇರೊಂದು ಕಾಲೇಜಿನಲ್ಲಿ ನಡೆದ ತಮ್ಮ ಪ್ರವೇಶ ಪರೀಕ್ಷೆಯನ್ನೂ ಪಾಸು ಮಾಡಿರುತ್ತೇನೆ. ಪ್ರಕಟಣೆಯ ಏಳನೇ ಪುಟ ಕೇಳುವ "ನಕ್ಷೆ ತಂತ್ರಾಂಶದ ಪರಿಚಯ"ವನ್ನು ನನ್ನ ಮಗಳು ಮಾಡಿಸಿದ್ದಾಳೆ. "ಅಮ್ಮಾ, ಮೌಸನ್ನ ಅಷ್ಟು ಗಟ್ಟಿಯಾಗಿ ಹಿಡ್ಕೋಬೇಡ, ಅದೆಲ್ಲೂ ಓಡಿಹೋಗಲ್ಲ" ಎಂದು ಎರಡು ತಿಂಗಳು ಹೇಳಿದಳು. ಆಕೆಯ ತಾಳ್ಮೆಯನ್ನು ನಮೂದಿಸಲು ಅರ್ಜಿ ನಮೂನೆಯಲ್ಲಿ ಕಾಲಂ ಇಲ್ಲವಾದ್ದರಿಂದ ಇಲ್ಲಿ ನಮೂದಿಸಿದೆ.

೨. ಮಾರ್ಗದರ್ಶಕರ ಒಪ್ಪಿಗೆ ಪತ್ರಕ್ಕೆ ಸಂಬಂಧಿಸಿದಂತೆ: ನನ್ನ ಸಂಶೋಧನೆಯ ವಿಷಯ, "ಗೊತ್ತಿಲ್ಲದ ದಾರಿಯನ್ನು ಗೊತ್ತಿರುವಂತೆ ಹೇಳುವುದು: ಒಂದು ನಗರದ ಅಧ್ಯಯನ". ಮೂವರು ಪ್ರಾಧ್ಯಾಪಕರಿಗೆ ಫೋನ್ ಮಾಡಿದೆ. ಒಬ್ಬರು ಇದು ಮನಶ್ಶಾಸ್ತ್ರ ಎಂದರು. ಇನ್ನೊಬ್ಬರು ಸಮಾಜಶಾಸ್ತ್ರ ಎಂದರು. ಮೂರನೆಯವರು, "ಇದು ಶಾಸ್ತ್ರಾನೇ ಅಲ್ಲಮ್ಮ, ಹರಟೆ" ಎಂದು ಫೋನಿಟ್ಟರು. ಕೊನೆಗೆ ನಾಲ್ಕನೆಯವರು, ಪ್ರತಿ ಶುಕ್ರವಾರ ನಮ್ಮ ನಿಲ್ದಾಣದಿಂದ ಬಸ್ಸು ಹತ್ತುವ ಪ್ರಾಧ್ಯಾಪಕಿ, ನನ್ನ ಪ್ರಸ್ತಾವವನ್ನು ಬಸ್ಸಿನಲ್ಲಿ ಓದಿ, ಮುಂದಿನ ಶುಕ್ರವಾರ ಕೌಂಟರಿನ ಕಟ್ಟೆಯ ಮೇಲೇ ಇಟ್ಟು ಒಪ್ಪಿಗೆಗೆ ಸಹಿ ಹಾಕಿದರು. "ಓದ್ತಾ ಓದ್ತಾ ನನ್ನ ಸ್ಟಾಪ್ ದಾಟಿಹೋಯ್ತು ಕಣ್ರೀ" ಎಂದರು. ನನಗೆ ಜೀವಮಾನದಲ್ಲಿ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು.

ಆದರೆ ಸದರಿಯವರು ಇನ್ನು ಮೂರು ವರ್ಷಕ್ಕೆ ನಿವೃತ್ತರಾಗುತ್ತಾರೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸ ವಿದ್ಯಾರ್ಥಿ ತೆಗೆದುಕೊಳ್ಳುವಂತಿಲ್ಲ ಎಂದು ತಮ್ಮ ಪ್ರಕಟಣೆಯ ಒಂಬತ್ತನೇ ಪುಟ ಹೇಳುತ್ತದೆ. ಅವರ ಬಳಿ ಉಳಿದಿರುವುದು ಒಂದೇ ಸ್ಥಾನ, ಅದೂ ಈ ವರ್ಷಕ್ಕೆ. ಆದಕಾರಣ, ಈ ಇಪ್ಪತ್ತೆರಡು ನಿಮಿಷ ಮನ್ನಾ ಆಗದಿದ್ದರೆ ನನಗೆ ಮುಂದಿನ ವರ್ಷ ಎಂಬುದಿಲ್ಲ.

೩. ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ಸಂಬಂಧಿಸಿದಂತೆ: ನಮ್ಮ ಡಿಪೋ ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ. ಆದರೆ ಅವರಿಗೆ ಅರ್ಥವಾಗದ ಕಾಗದವನ್ನು ಮೇಜಿನ ಬಲಗಡೆ ಇಡುತ್ತಾರೆ, ಬಲಗಡೆಯಿಂದ ಯಾವ ಕಾಗದವೂ ವಾಪಸು ಬಂದದ್ದಿಲ್ಲ.

"ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಹೇಳೋಕೆ ಡಾಕ್ಟರ್ ಆಗ್ಬೇಕೇನಮ್ಮಾ?"

"ಬಸ್ಸಿನ ಬಗ್ಗೆ ಅಲ್ಲ ಸಾರ್, ಜನ ಹೋಗೋದರ ಬಗ್ಗೆ."

"ಜನ ಬಸ್ಸಲ್ಲಿ ತಾನೇ ಹೋಗೋದು?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಐದು ವಾರ ಕಳೆದವು. ಕೊನೆಯ ದಿನ ಮಧ್ಯಾಹ್ನ ಎರಡೂವರೆಗೆ ಅವರ ಕುರ್ಚಿ ಪಕ್ಕದಲ್ಲಿ ಹೋಗಿ ನಿಂತೆ, ಬಾಯಿ ಬಿಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ಸುಮ್ಮನಿದ್ದದ್ದನ್ನು ನೋಡಿರದ ಸಾಹೇಬರು ಗಾಬರಿಯಾಗಿ ಸಹಿ ಹಾಕಿದರು. ಆದ್ದರಿಂದ ನಾನು ತಮ್ಮ ವಿಶ್ವವಿದ್ಯಾಲಯದ ಗೇಟು ಮುಟ್ಟಿದಾಗ ಮೂರು ನಲವತ್ತು.

೪. ಮೂರು ನಲವತ್ತರಿಂದ ಐದು ಇಪ್ಪತ್ತೆರಡರವರೆಗಿನ ಅವಧಿಗೆ ಸಂಬಂಧಿಸಿದಂತೆ: ಫೋನಿನ ನಕ್ಷೆ ಗೇಟಿನವರೆಗೆ ತಂದು, "ನೀವು ತಲುಪಿದ್ದೀರಿ" ಎಂದು ಕೈತೊಳೆದುಕೊಂಡಿತು. ಒಳಗೆ ತಮ್ಮ ವಿಭಾಗವೇ ಬರೆಸಿ ನಿಲ್ಲಿಸಿದ ದೊಡ್ಡ ನಕ್ಷೆಯ ಫಲಕವಿದೆ. ಅದರ ಪ್ರಕಾರ ಹೋದೆ. ಭೂಗೋಳ ವಿಭಾಗ ಇರಬೇಕಾದಲ್ಲಿ ಕಾರುಗಳು ನಿಂತಿದ್ದವು. ಕಟ್ಟಡ ಕೆಡವಿ ಎರಡು ವರ್ಷವಾಯಿತೆಂದು ಆಮೇಲೆ ತಿಳಿಯಿತು.

"ಯಾರನ್ನಾದರೂ ಕೇಳಬಾರದಿತ್ತೇ?" ಎಂದು ತಾವು ಕೇಳಬಹುದು. ಮಗಳೂ ಅದನ್ನೇ ಕೇಳಿದಳು. ಕೇಳಲಿಲ್ಲ, ಮಾನ್ಯರೇ. ಹತ್ತೊಂಬತ್ತು ವರ್ಷ ದಾರಿ ಹೇಳಿದ ಬಾಯಿಗೆ ದಾರಿ ಕೇಳುವ ಅಭ್ಯಾಸವಿಲ್ಲ. ಅಭ್ಯಾಸ ಎಂದು ಬರೆದೆ, ನಿಜವಾದ ಹೆಸರು ಜಂಬ. ಈಜು ಕಲಿಸುವವಳು ದಡದಲ್ಲಿ ನಿಂತು ನೀರು ಎಷ್ಟು ಆಳ ಎಂದು ಕೇಳಿದ ಹಾಗಾಗುತ್ತದೆ ಎನ್ನಿಸಿತು. ಹೀಗಾಗಿ ರಸಾಯನಶಾಸ್ತ್ರ ವಿಭಾಗಕ್ಕೆ ಎರಡು ಸಲ, ಪರೀಕ್ಷಾ ಭವನಕ್ಕೆ ಒಂದು ಸಲ, ಯಾರದೋ ಬೀಳ್ಕೊಡುಗೆ ಸಮಾರಂಭಕ್ಕೆ ಒಂದು ಸಲ ಭೇಟಿ ನೀಡಿರುತ್ತೇನೆ. ಕೊನೆಯದರಲ್ಲಿ ಬಿಸ್ಕತ್ತು ಕೊಟ್ಟರು.

೫. (ಈ ಅಂಶವನ್ನು ಕೈಬಿಡುವಂತೆ ಯಜಮಾನರು ಸಲಹೆ ನೀಡಿದ್ದಾರೆ. ಅವರು ಜೆರಾಕ್ಸ್ ಅಂಗಡಿ ನಡೆಸುವವರು, ದಿನಕ್ಕೆ ನೂರು ಅರ್ಜಿ ನೋಡುವವರು. "ಕೇಳದೇ ಇರೋದನ್ನೆಲ್ಲ ಹೇಳೋಕೆ ಇದೇನು ನಿನ್ನ ಕೌಂಟರಾ? ಅವರಿಗೆ ನಿನ್ನ ಮುಖಾನೇ ನೆನಪಿಲ್ಲ. ಬಾಯ್ಮುಚ್ಕೊಂಡು ಸಹಿ ಹಾಕು" ಎಂದಿದ್ದಾರೆ. ಅವರ ಅನುಭವವನ್ನು ಗೌರವಿಸುತ್ತಾ ಅಂಶವನ್ನು ಉಳಿಸಿಕೊಂಡಿದ್ದೇನೆ.)

ಅಂದು ಸುಮಾರು ನಾಲ್ಕೂಕಾಲಕ್ಕೆ, ಕಾರು ನಿಲ್ಲಿಸುವ ಜಾಗದಲ್ಲಿ ನಾನು ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗ, ಕಂದು ಬಣ್ಣದ ಚೀಲ ಹಿಡಿದ ಒಬ್ಬ ಹಿರಿಯರು ಬಂದು, "ಅಮ್ಮಾ, ಭೂಗೋಳ ವಿಭಾಗ ಎಲ್ಲಿ ಬರುತ್ತೆ?" ಎಂದು ಕೇಳಿದರು.

ನಾನೂ ಅದನ್ನೇ ಹುಡುಕುತ್ತಿದ್ದೆ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿ ಮೇಲೆದ್ದಿತು. "ನೇರ ಹೋಗಿ ಸಾರ್, ನೀರಿನ ಟ್ಯಾಂಕ್ ಹತ್ರ ಎಡಕ್ಕೆ, ಎರಡನೇ ಮಹಡಿ" ಎಂದುಬಿಟ್ಟೆ. ಟ್ಯಾಂಕು ದೂರದಿಂದ ಕಾಣುತ್ತಿತ್ತು, ಹಾಗಾಗಿ ಸೇರಿಸಿದೆ. ಎಡ ಮತ್ತು ಎರಡನೇ ಮಹಡಿ ಎಲ್ಲಿಂದ ಬಂದವೋ ನನಗೂ ತಿಳಿಯದು. ಅವರು ಕೈಮುಗಿದು ಹೊರಟರು. ನಾನು ಬೇರೆ ದಿಕ್ಕಿಗೆ ಹೊರಟೆ.

೬. ಸೈಕಲ್ ಸ್ಟ್ಯಾಂಡ್ ಪಕ್ಕದ ಸಣ್ಣ ಬೋರ್ಡು ಕೊನೆಗೂ ಕಣ್ಣಿಗೆ ಬಿದ್ದು, ಐದು ಇಪ್ಪತ್ತೆರಡಕ್ಕೆ ತಮ್ಮ ವಿಭಾಗದ ಕಿಟಕಿ ಮುಂದೆ ನಿಂತು ಉಲ್ಲೇಖ ೨ನ್ನು ಸ್ವೀಕರಿಸುತ್ತಿದ್ದಾಗ, ಅದೇ ಹಿರಿಯರು ಕೆಸರಾದ ಬೂಟಿನಲ್ಲಿ ಮೆಟ್ಟಿಲು ಹತ್ತಿ ಬಂದರು. ಗುಮಾಸ್ತರು ಟೀ ಲೋಟ ಬಿಟ್ಟು ಎದ್ದುನಿಂತರು. "ಏನ್ ಸಾರ್ ಇಷ್ಟೊತ್ತು? ಹೊಸ ಅಧ್ಯಕ್ಷರು ಮೊದಲನೇ ದಿನಾನೇ ಕಳೆದುಹೋದ್ರಾ ಅಂತ ಗಾಬರಿಯಾಗಿತ್ತು."

"ಯಾರೋ ಒಬ್ಬರು ಹೆಂಗಸು ದಾರಿ ಹೇಳಿದ್ರಪ್ಪ. ಎಷ್ಟು ಖಚಿತವಾಗಿ ಹೇಳಿದ್ರು ಅಂದ್ರೆ, ಎರಡನೇ ಯೋಚನೆನೇ ಮಾಡ್ಲಿಲ್ಲ. ಹೋದ್ರೆ ಪಂಪ್‌ಹೌಸು. ಪಂಪ್‌ಹೌಸಿಗೆ ಎರಡನೇ ಮಹಡಿ ಎಲ್ಲಿರುತ್ತೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಫೈಲನ್ನು ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ತಿರುಗಿ ನಿಂತೆ. ಆ ಹಿರಿಯರು ತಾವು. ಆ ಹೆಂಗಸು ನಾನು. ಕ್ಷಮೆ ಇರಲಿ. ಬೂಟು ಒರೆಸಿಕೊಡಲೂ ನಾನು ಸಿದ್ಧಳಿದ್ದೇನೆ.

೭. ಇಷ್ಟು ತಿಳಿದ ಮೇಲೆ, ಇಂಥವಳು ಈ ವಿಷಯದಲ್ಲಿ ಸಂಶೋಧನೆ ಮಾಡುವುದೇ ಎಂದು ತಮಗೆ ಅನ್ನಿಸುವುದು ಸಹಜ. ನಮೂನೆಯ ಹದಿನಾಲ್ಕನೇ ಕಾಲಂ, "ಈ ವಿಷಯವನ್ನು ಆಯ್ದುಕೊಳ್ಳಲು ಕಾರಣ". ಅಲ್ಲಿ ಎರಡು ಗೆರೆ ಜಾಗವಿತ್ತು. "ಶೈಕ್ಷಣಿಕ ಆಸಕ್ತಿ" ಎಂದು ಬರೆದಿದ್ದೇನೆ. ಅದು ಸುಳ್ಳು.

ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ, ಕೈಯಲ್ಲಿ ಫ್ಲಾಸ್ಕು, ಕಂಕುಳಲ್ಲಿ ಹೊದಿಕೆ ಹಿಡಿದ ಒಬ್ಬ ಹೆಂಗಸು ನನ್ನ ಕೌಂಟರಿಗೆ ಬಂದು, "ದೊಡ್ಡಾಸ್ಪತ್ರೆಗೆ ಯಾವ ಬಸ್ಸಮ್ಮಾ? ನಮ್ಮೆಜಮಾನ್ರನ್ನ ಸೇರಿಸಿದಾರೆ" ಎಂದರು. ಆಸ್ಪತ್ರೆ ಊರಾಚೆಯ ಹೊಸ ಕಟ್ಟಡಕ್ಕೆ ಹೋಗುತ್ತಿದೆಯಂತೆ ಎಂದು ಕಂಡಕ್ಟರುಗಳು ಆಡಿಕೊಂಡದ್ದು ಆ ವಾರ ನನ್ನ ಕಿವಿಗೆ ಬಿದ್ದಿತ್ತು. ಹೋಗಿಯೇ ಬಿಟ್ಟಿದೆಯೋ, ಇನ್ನೂ ಇಲ್ಲವೋ, ನನಗೆ ಗೊತ್ತಿರಲಿಲ್ಲ. ಅವರ ಹಿಂದೆ ಹನ್ನೆರಡು ಜನ ನಿಂತಿದ್ದರು. "ಆರನೇ ಪ್ಲಾಟ್‌ಫಾರ್ಮ್, ಬೇಗ ಹೋಗಿ, ಹೊರಡ್ತಾ ಇದೆ" ಎಂದೆ. "ತುಂಬಾ ಉಪಕಾರ ಆಯ್ತಮ್ಮಾ" ಎಂದು ಓಡಿದರು. ಆ ಬಸ್ಸು ಹಳೆಯ ಕಟ್ಟಡಕ್ಕೆ ಹೋಗುವುದು. ಅಲ್ಲಿ ಬೀಗ ಹಾಕಿತ್ತು. ಅಲ್ಲಿಂದ ತಿರುಗಿ ಹೊಸ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಯಜಮಾನರು ಹೋಗಿಬಿಟ್ಟಿದ್ದರು.

ಇದನ್ನು ನನಗೆ ಹೇಳಿದ್ದು ಅವರೇ. ಹತ್ತು ದಿನದ ನಂತರ ತಮ್ಮ ಊರಿನ ಬಸ್ಸು ಯಾವುದು ಎಂದು ಕೇಳಲು ಬಂದಿದ್ದರು. ಕೇಳಲು ಮತ್ತೆ ನನ್ನ ಹತ್ತಿರವೇ ಬಂದರು, ಮಾನ್ಯರೇ. ನನ್ನ ಮುಖ ನೋಡಿ, "ನೀವೇನು ಬೇಕೂಂತ ಹೇಳಿದ್ರಾ? ಬಿಡಿ" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ನಾಲ್ಕು ಮಾತು ಆಡಿ, ನಾನೂ ನಾಲ್ಕು ಮಾತು ಆಡಿ, ಮರೆತುಬಿಡುತ್ತಿದ್ದೆ. ಬೈಯಲಿಲ್ಲವಾದ ಕಾರಣ ಮರೆಯಲಾಗಿಲ್ಲ. ಅಂದಿನಿಂದ, ಖಚಿತವಾಗಿ ಗೊತ್ತಿಲ್ಲದೆ ನಾನು ಹೇಳಿದ ಪ್ರತಿಯೊಂದು ಉತ್ತರವನ್ನೂ ದಿನಾಂಕ ಸಹಿತ ಬರೆದಿಟ್ಟಿದ್ದೇನೆ. ಹನ್ನೊಂದು ನೋಟ್‌ಬುಕ್ ತುಂಬಿವೆ. ಎದುರಿಗಿರುವವರು ಎಷ್ಟು ಅವಸರದಲ್ಲಿದ್ದರೆ, ಎಷ್ಟು ಕಂಗಾಲಾಗಿದ್ದರೆ, ಅಷ್ಟು ಬೇಗ, ಅಷ್ಟು ಖಚಿತವಾಗಿ ಸುಳ್ಳು ಬಾಯಿಗೆ ಬರುತ್ತದೆ ಎಂಬುದು ಇಲ್ಲಿಯವರೆಗೆ ಕಂಡುಬಂದದ್ದು. ಯಾಕೆ ಎಂಬುದು ಕಂಡುಬಂದಿಲ್ಲ. ಒಬ್ಬಳೇ ಕೂತು ನೋಡಿದರೆ ಅದು ಕಾಣುವುದೂ ಇಲ್ಲ, ಕಲಿಸುವವರು ಬೇಕು. ಇಷ್ಟೆಲ್ಲ ಬರೆದಿಟ್ಟ ಮೇಲೂ ತಮ್ಮನ್ನು ಪಂಪ್‌ಹೌಸಿಗೆ ಕಳುಹಿಸಿದ್ದೇನೆ ಎಂದರೆ, ರೋಗ ಎಷ್ಟು ಹಳೆಯದೆಂದು ತಾವೇ ಊಹಿಸಬಹುದು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಸದರಿ ಇಪ್ಪತ್ತೆರಡು ನಿಮಿಷಗಳನ್ನು ಮನ್ನಿಸಿ ನನ್ನ ಅರ್ಜಿಯನ್ನು ಸಂದರ್ಶನಕ್ಕೆ ಪರಿಗಣಿಸಬೇಕಾಗಿ ಕೋರುತ್ತೇನೆ. ಸೀಟು ಸಿಕ್ಕರೆ ಕೋರ್ಸ್‌ವರ್ಕ್ ತಪ್ಪಿಸುವುದಿಲ್ಲ. ಸಂಖ್ಯಾಶಾಸ್ತ್ರವನ್ನು ಈ ಸಲ ಮೊದಲ ಯತ್ನದಲ್ಲೇ ಮುಗಿಸಲು ಮಗಳು ಜಾಮೀನು ನಿಂತಿದ್ದಾಳೆ.

ತಮ್ಮ ವಿಶ್ವಾಸಿ
(ತಮಗೆ ನನ್ನ ಮೇಲೆ ಅದು ಉಳಿದಿದ್ದರೆ),
ಗುಮಾಸ್ತೆ, ವಿಚಾರಣೆ ಕೌಂಟರ್

ಲಗತ್ತುಗಳು:
೧) ಎಂ.ಎ. ಅಂಕಪಟ್ಟಿಗಳು, ಸಂಖ್ಯಾಶಾಸ್ತ್ರದ ಎರಡೂ ಯತ್ನ ಸೇರಿ.
೨) ಪ್ರವೇಶ ಪರೀಕ್ಷೆಯ ಫಲಿತಾಂಶ.
೩) ಮಾರ್ಗದರ್ಶಕಿಯ ಒಪ್ಪಿಗೆ ಪತ್ರ.
೪) ಡಿಪೋ ಮ್ಯಾನೇಜರರ ನಿರಾಕ್ಷೇಪಣಾ ಪತ್ರ (ಶಿಫಾರಸು ಪತ್ರವೂ ಇದರಲ್ಲೇ ಇದೆ: "ಇವರು ತುಂಬಾ ಮಾತಾಡುತ್ತಾರೆ, ಆದರೆ ರಜೆ ಹಾಕುವುದಿಲ್ಲ").
೫) ನೋಟ್‌ಬುಕ್ ಒಂದರಿಂದ ಹನ್ನೊಂದು, ಮೂರು ಪ್ರತಿ. ಜೆರಾಕ್ಸ್ ಮಾಡುವಾಗ ಯಜಮಾನರು ಮೊದಲನೆಯದನ್ನು ಓದಿದ್ದಾರೆ. ಆಮೇಲೆ ಐದನೇ ಅಂಶವಿರುವ ಪುಟವನ್ನೂ ತಾವಾಗಿಯೇ ಮೂರು ಪ್ರತಿ ತೆಗೆದುಕೊಟ್ಟಿದ್ದಾರೆ.

ವಿ.ಸೂ.: ಈ ವಿಳಂಬವನ್ನು ಮನ್ನಿಸುವ ಅಧಿಕಾರ ತಮ್ಮದೋ, ಬೇರೆಯವರದೋ ಎಂಬುದು ತಮಗೆ ಖಚಿತವಿಲ್ಲದಿದ್ದಲ್ಲಿ, ದಯವಿಟ್ಟು ನನ್ನನ್ನು ಕುಲಸಚಿವರ ಕಚೇರಿಗಾಗಲಿ ಪರೀಕ್ಷಾ ಭವನಕ್ಕಾಗಲಿ ಕಳುಹಿಸಬಾರದು. ಈ ಅರ್ಜಿಯ ಮೇಲೆಯೇ "ನನಗೆ ಗೊತ್ತಿಲ್ಲ" ಎಂದು ಬರೆದು, ಸಹಿ ಮಾಡಿ, ಮೊಹರು ಹಾಕಿ ಕೊಡಬೇಕಾಗಿ ವಿನಂತಿ. ತಮ್ಮ ಕಿಟಕಿ ಎದುರಿನ ಬೆಂಚಿನಲ್ಲಿ ಕೂತಿರುತ್ತೇನೆ. ಯಾರಾದರೂ ಬಂದು ದಾರಿ ಕೇಳಿದರೆ, ಒಳಗೆ ವಿಚಾರಿಸಿ ಎನ್ನುತ್ತೇನೆ.